ಮೊಟ್ಟೆ ವ್ಯಾನಿಗೆ ಹೊಸ ಬಲ್ಬು

ನವೆಂಬರ್ 3, ಸೋಮವಾರ

ನಾನು ಈ ಮನೆಯ ಯಜಮಾನಿ. ಮನೆಯ ಹಿಂದಿರುವ ಕೋಳಿಫಾರಂ ನನ್ನದು, ಅಂಗಳದಲ್ಲಿ ನಿಂತಿರುವ ನೀಲಿ ವ್ಯಾನು ನನ್ನದು, ಅದರ ಕೀ ನನ್ನ ದಿಂಬಿನ ಕೆಳಗಿರುತ್ತದೆ. ಹೈಸ್ಕೂಲು ಪಾಸು ಮಾಡಿದ್ದೇನೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಸ್ಟಿಯರಿಂಗ್ ಹಿಡಿದವಳು ಇಂದಿನವರೆಗೆ ಬೇರೆ ಯಾರ ಕೈಗೂ ಕೊಟ್ಟಿಲ್ಲ. ಪೇಟೆಯವರು ಹಿಂದಿನಿಂದ ಮೊಟ್ಟೆಯಮ್ಮ ಎನ್ನುತ್ತಾರೆ, ಎದುರಿಗೆ ಅಮ್ಮಾವ್ರು ಎನ್ನುತ್ತಾರೆ. ಎರಡೂ ನನಗೆ ಒಪ್ಪಿಗೆ. ನಮ್ಮ ಕೋಳಿಗಳು ತಾವೇ ತುಳಿದು ಒಡೆಯುವಷ್ಟು ಮೊಟ್ಟೆಯನ್ನೂ ನನ್ನ ವ್ಯಾನು ಒಡೆದಿಲ್ಲ. ಬೇಕಾದರೆ ಯಾರನ್ನಾದರೂ ಕೇಳಲಿ.

ದಿನಚರಿ ಯಾಕೆ ಬರೆಯುತ್ತೇನೆಂದರೆ, ಈ ಮನೆಯಲ್ಲಿ ಬಾಯಿಬಿಟ್ಟು ಹೇಳಿದರೆ ಎದುರು ಮಾತು ಬರುತ್ತದೆ. ಕಾಗದ ಎದುರು ಮಾತಾಡುವುದಿಲ್ಲ. ಈ ವರ್ಷದ ಡೈರಿಗೆ ಮಾತ್ರ ಗೆರೆಗಳನ್ನು ಇವೆಯೋ ಇಲ್ಲವೋ ಎಂಬಂತೆ ತೆಳ್ಳಗೆ ಅಚ್ಚು ಹಾಕಿದ್ದಾರೆ.

ಇಂದು ಬೇಕರಿ ಸಾಹುಕಾರನ ಫೋನು ಬಂತು. ನಮ್ಮ ಮೊಟ್ಟೆಯಲ್ಲಿ ಮುಕ್ಕಾಲು ಪಾಲು ಹೋಗುವುದು ಅವನಲ್ಲಿಗೇ.

"ಅಮ್ಮಾವ್ರೆ, ಇನ್ಮೇಲೆ ಬೆಳಕು ಹರಿಯೋ ಮುಂಚೆನೇ ಮೊಟ್ಟೆ ಬೇಕು. ಒಲೆ ಬೇಗ ಹಚ್ತಾ ಇದೀವಿ. ನಿಮಗೆ ಕಷ್ಟ ಆಗೋದಾದ್ರೆ ಹೇಳಿ, ಮೊಟ್ಟೆ ಏಜೆಂಟು ಲಾರೀಲಿ ಕಳಿಸ್ತೀನಿ ಅಂತಿದಾನೆ."

"ಕಷ್ಟ ಅನ್ನೋ ಮಾತು ನಮ್ಮ ಮನೇಲಿ ಇಲ್ಲ" ಎಂದೆ.

ಫೋನು ಇಡುವಷ್ಟರಲ್ಲಿ ಮಗ ಶುರು ಮಾಡಿದ. "ಅಮ್ಮ, ಕತ್ತಲಲ್ಲಿ ಯಾಕೆ ಒದ್ದಾಡ್ತೀಯ? ಏಜೆಂಟ್ ಲಾರಿ ನಮ್ಮ ಗೇಟಿಗೇ ಬಂದು ಮೊಟ್ಟೆ ತಗೊಂಡು ಹೋಗುತ್ತೆ. ಸುಮ್ಮನೆ ವ್ಯಾನು ಮಾರಿಬಿಡೋಣ."

ಇವನು ಒಮ್ಮೆ ನನಗೆ ಹೇಳದೆ ಇದೇ ವ್ಯಾನನ್ನು ತೆಗೆದುಕೊಂಡು ಹೋಗಿ ಮೇವಿನ ಕೊಠಡಿಯ ಗೋಡೆಗೆ ಗುದ್ದಿ, ಗೋಡೆ ಕಟ್ಟಿದ್ದೇ ತಪ್ಪು ಜಾಗದಲ್ಲಿ ಎಂದಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಂದಿನಿಂದ ಅವನು ಕೋಳಿಗಳನ್ನು ನೋಡಿಕೊಳ್ಳುತ್ತಾನೆ, ವ್ಯಾನನ್ನು ನಾನು ನೋಡಿಕೊಳ್ಳುತ್ತೇನೆ. ಬೇಕರಿ ಕೈಬಿಟ್ಟುಹೋದರೆ ವ್ಯಾನು ಇಟ್ಟುಕೊಳ್ಳಲು ಕಾರಣವೇ ಉಳಿಯುವುದಿಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಬೇಕರಿ ಕೈಬಿಡಬಾರದು.

ಸೊಸೆ ಟ್ರೇ ಜೋಡಿಸುತ್ತಿದ್ದಳು. ಮದುವೆಗೆ ಮುಂಚೆಯೇ ಲೈಸೆನ್ಸ್ ಮಾಡಿಸಿಕೊಂಡು ಬಂದವಳು. ಲೈಸೆನ್ಸ್ ಇರುವುದು ಬೇರೆ, ಮೊಟ್ಟೆ ತುಂಬಿದ ವ್ಯಾನು ಓಡಿಸುವುದು ಬೇರೆ. ಅವಳಿಗೆ ಸ್ಕೂಟರ್ ಇದೆ, ಸಾಕು.

ನವೆಂಬರ್ 5, ಬುಧವಾರ

ಮೊದಲ ದಿನವೇ ಒಂದು ಟ್ರೇ ಮೊಟ್ಟೆ ಹೋಯಿತು.

ಸೇತುವೆಗೆ ಮುಂಚೆ ಒಂದು ಹಂಪ್ ಇದೆ. ಅದು ಇರುವುದು ನನಗೆ ನನ್ನ ಮನೆಯ ಹೊಸ್ತಿಲು ಗೊತ್ತಿರುವಷ್ಟೇ ಚೆನ್ನಾಗಿ ಗೊತ್ತು. ಆದರೆ ಕತ್ತಲಲ್ಲಿ ಸೇತುವೆಯೇ ಬೇಗ ಬಂದುಬಿಟ್ಟಿತು. ವ್ಯಾನು ಹಾರಿ ಬಿತ್ತು. ಹಿಂದಿನಿಂದ ಬಂದ ಚಟಚಟ ಸದ್ದು ನನ್ನ ಎದೆಯೊಳಗೇ ಆದ ಹಾಗಾಯಿತು.

ಹೆಡ್‌ಲೈಟುಗಳು ಸತ್ತಿವೆ. ಎರಡು ಮೇಣದ ಬತ್ತಿ ಹಚ್ಚಿಕೊಂಡು ಹೋದ ಹಾಗಿತ್ತು. ಮನೆಗೆ ಬಂದು ಹಾಗೆಂದಾಗ ಸೊಸೆ ವ್ಯಾನಿನ ಮುಂದೆ ನಿಂತು ನೋಡಿ, "ಚೆನ್ನಾಗೇ ಉರೀತಿದೆಯಲ್ಲ ಅತ್ತೆ" ಎಂದಳು.

"ಮುಂದೆ ನಿಂತವಳಿಗೆ ಏನು ಗೊತ್ತಾಗುತ್ತೆ? ಒಳಗೆ ಕೂತು ಓಡಿಸೋಳು ನಾನು" ಎಂದೆ.

ನವೆಂಬರ್ 7, ಶುಕ್ರವಾರ

ವಾಹನಗಳ ವೈರಿಂಗ್ ಮಾಡುವವನ ಅಂಗಡಿಗೆ ಹೋಗಿದ್ದೆ. ಅವನನ್ನು ಎಲ್ಲರೂ ಕಿಡಿ ಎಂದೇ ಕರೆಯುತ್ತಾರೆ. ಕೆಲಸವೂ ಹಾಗೆ, ಬಾಯಿಯೂ ಹಾಗೆ.

"ಬನ್ನಿ ಅಮ್ಮಾ. ಏನಾಯ್ತು ನೀಲಿ ರಾಣಿಗೆ?"

"ದೀಪ ಮಂಕಾಗಿದೆ. ಜೋರು ಬೆಳಕಿನ ಬಲ್ಬು ಬೇಕು."

ದೀಪ ಹಾಕಿಸಿ ಅಂಗೈ ಅಡ್ಡ ಹಿಡಿದು ನೋಡಿದ. "ಅಷ್ಟೇನೂ ಮಂಕಾಗಿಲ್ವಲ್ಲಮ್ಮ."

"ಬಲ್ಬು ಮಾರೋನು ಬಲ್ಬು ಬೇಡ ಅಂತಾನಲ್ಲ, ಅಂಗಡಿ ಮುಚ್ಚೋ ಯೋಚನೆ ಇದೆಯಾ?"

"ಅಯ್ಯೋ, ನೀವು ಬೇಕು ಅಂದ್ರೆ ಸೂರ್ಯನ್ನೇ ತರಿಸ್ತೀನಿ" ಎಂದು ಮೂರು ಥರದ ಬಲ್ಬು ತಂದಿಟ್ಟ.

ಮೊದಲನೆಯದು ಹಳೆಯದರ ಹಾಗೇ ಹ್ಯಾಲೊಜೆನ್. ಅಷ್ಟೇ ಕರೆಂಟು ಎಳೆಯುತ್ತದೆ, ಬೆಳಕು ಕೊಂಚ ಹೆಚ್ಚು, ಬೀಳುವುದು ಹಳೆಯದು ಬಿದ್ದ ಜಾಗಕ್ಕೇ. ಎರಡನೆಯದು ನೂರು ವ್ಯಾಟಿನದು. "ಇದಕ್ಕೆ ನಿಮ್ಮ ಹಳೇ ವೈರು ತಡಿಯಲ್ಲ. ದಪ್ಪ ವೈರು ಎಳೆದು, ಬ್ಯಾಟರಿಯಿಂದ ನೇರ ಕರೆಂಟು ಕೊಡೋ ರಿಲೇ ಹಾಕ್ಬೇಕು. ಇಲ್ಲಾಂದ್ರೆ ಸ್ವಿಚ್ಚು ಬೆಣ್ಣೆ ಥರ ಕರಗುತ್ತೆ" ಎಂದ. ಮೂರನೆಯದು ಬಿಳಿ ಎಲ್‌ಇಡಿ. ಅದನ್ನು ತೋರಿಸುವಾಗ ಅವನಿಗೇ ಮನಸ್ಸಿರಲಿಲ್ಲ. "ಇದು ಹಾಕಿದ್ರೆ ರಾತ್ರಿನೇ ಹಗಲು. ಆದ್ರೆ ನಿಮ್ಮ ವ್ಯಾನಿನ ಗಾಜು, ಅದರ ಹಿಂದಿನ ಹೊಳಪಿನ ಬಟ್ಟಲು, ಇವೆರಡೂ ಹಳೇ ಬಲ್ಬಿಗೆ ಅಂತ ಮಾಡಿದ್ದು. ಇದರ ಬೆಳಕು ಅದರಲ್ಲಿ ನೆಟ್ಟಗೆ ನಿಲ್ಲಲ್ಲ, ಎಲ್ಲೆಲ್ಲೋ ಚೆಲ್ಲಾಡುತ್ತೆ."

ಹೊಸದನ್ನು ಹಂತಹಂತವಾಗಿ ಮನೆಗೆ ತರಬೇಕು. ಮೊದಲನೆಯದನ್ನೇ ಆರಿಸಿದೆ, ಒಂದು ಜೋಡಿ. ಒಂದೇ ಬದಲಾಯಿಸಿದರೆ ವ್ಯಾನು ಮೆಳ್ಳಗಣ್ಣಿನದಾಗುತ್ತದೆ.

"ಗಾಜಿಗೆ ಬೆರಳು ತಾಗಿಸ್ಬೇಡಿ ಅಮ್ಮಾ. ಕೈಯ ಜಿಡ್ಡು ಅಂಟಿದ್ರೆ ಬಿಸಿಗೆ ಸೀಳಿಬಿಡುತ್ತೆ."

"ಮೊಟ್ಟೆ ಹಿಡಿಯೋ ಕೈಗೆ ಬಲ್ಬು ಹಿಡಿಯೋದು ಹೇಳಿಕೊಡ್ಬೇಡ" ಎಂದು, ಬುಡ ಹಿಡಿದು ನಾನೇ ಹೋಲ್ಡರಿಗೆ ಕೂರಿಸಿದೆ. ಅವನು ಬಾಯಿ ತೆರೆದು ನೋಡಿದ.

ನವೆಂಬರ್ 10, ಸೋಮವಾರ

ಬಲ್ಬು ಪರವಾಗಿಲ್ಲ. ಪರವಾಗಿಲ್ಲ ಅಷ್ಟೇ.

ನನಗೆ ಈಗ ಬೇರೆ ಚಿಂತೆ ಹತ್ತಿದೆ. ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು ಈ ಮನೆಯಲ್ಲಿ ನನ್ನ ಕೆಲಸ. ಕತ್ತಲೆ ಕೋಣೆ, ತಗಡಿನ ಡಬ್ಬದೊಳಗೆ ಒಂದು ಬಲ್ಬು, ಡಬ್ಬಕ್ಕೆ ಒಂದು ತೂತು. ತೂತಿಗೆ ಮೊಟ್ಟೆ ಒಡ್ಡಿದರೆ ಒಳಗಿರುವುದೆಲ್ಲ ತೋರುತ್ತದೆ. ತಿಳಿಯಾಗಿದ್ದರೆ ಟ್ರೇಗೆ, ಮಂಜು ಕವಿದಿದ್ದರೆ ಗೊಬ್ಬರದ ಗುಂಡಿಗೆ. ನಾನು ಆರಿಸಿದ ಮೊಟ್ಟೆಯ ಬಗ್ಗೆ ಬೇಕರಿಯಿಂದ ಇಂದಿಗೂ ಒಂದು ದೂರು ಬಂದಿಲ್ಲ.

ಈ ತಿಂಗಳು ಮಂಜು ಕವಿದವೇ ಹೆಚ್ಚು ಬರುತ್ತಿವೆ. ಮಗನನ್ನು ಕರೆದು ಮೇವು ಬದಲಾಯಿಸು ಎಂದೆ. "ಅದೇ ಮೇವು ಅಮ್ಮ, ಕೋಳಿಗಳೂ ಚೆನ್ನಾಗಿವೆ" ಎಂದ. ಚೆನ್ನಾಗಿದ್ದರೆ ಇಂಥ ಮೊಟ್ಟೆ ಯಾಕೆ ಇಡುತ್ತವೆ?

ತೆಗೆದಿಟ್ಟ ಟ್ರೇಗಳನ್ನು ಗುಂಡಿಗೆ ಹಾಕಲು ಹೊರಟರೆ ಸೊಸೆ ಬಂದು, "ನಾನು ಹಾಕ್ತೀನಿ ಅತ್ತೆ, ನೀವು ಮಲಗಿ, ಬೆಳಿಗ್ಗೆ ಬೇಗ ಏಳ್ಬೇಕಲ್ಲ" ಎಂದು ತೆಗೆದುಕೊಂಡು ಹೋದಳು. ಇಷ್ಟು ದಿನಕ್ಕೆ ಒಂದು ಕೆಲಸ ತಾನಾಗಿ ಮಾಡಿದಳು.

ನವೆಂಬರ್ 13, ಗುರುವಾರ

ನೂರು ವ್ಯಾಟಿನದು ಹಾಕಿಸಿದೆ. ದಪ್ಪ ವೈರು, ರಿಲೇ, ಹೊಸ ಹೋಲ್ಡರು ಎಲ್ಲ ಆಯಿತು.

"ಎದುರಿಗೆ ಬರೋರ ಗತಿ ಏನಮ್ಮಾ?" ಎಂದ ಕಿಡಿ.

"ಪಕ್ಕಕ್ಕೆ ಸರೀಲಿ."

"ಅದೂ ಸರಿ, ನಿಮ್ಮ ಎದುರಿಗೆ ಬಂದು ಸರಿಯದೆ ಇದ್ದೋರು ಯಾರಿದಾರೆ!" ಎಂದು ನಕ್ಕ. ಹೊಗಳಿಕೆಗೆ ನಾನು ಬೀಗುವವಳಲ್ಲ, ಆದರೆ ನಿಜ ನಿಜವೇ.

ನವೆಂಬರ್ 16, ಭಾನುವಾರ

ಪತ್ರಿಕೆಯವರು ಶಾಯಿಗೆ ನೀರು ಬೆರೆಸುತ್ತಿದ್ದಾರೆ. ಅಡಿಗೆಮನೆಯ ಟ್ಯೂಬ್‌ಲೈಟು ಬದಲಾಯಿಸು ಎಂದರೆ ಮಗ, "ಹೋದ ತಿಂಗಳಷ್ಟೇ ಹೊಸದು ಹಾಕಿದ್ದು" ಎಂದ. ಈ ಕಾಲದಲ್ಲಿ ಯಾವ ವಸ್ತುವನ್ನೂ ನೆಟ್ಟಗೆ ಮಾಡುವುದಿಲ್ಲ.

ನವೆಂಬರ್ 19, ಬುಧವಾರ

ಮತ್ತೆ ಅದೇ ಹಂಪ್, ಮತ್ತೆ ಒಂದು ಟ್ರೇ.

ನೆಟ್ಟಗೆ ಕಿಡಿಯ ಅಂಗಡಿಗೆ ಹೋಗಿ, "ಆ ಬಿಳಿದು ಹಾಕು" ಎಂದೆ.

"ಅಮ್ಮಾ, ಅವತ್ತೇ ಹೇಳಿದ್ನಲ್ಲ, ಅದು ಈ ಗಾಡಿಗೆ ಆಗಲ್ಲ."

"ಆಗುತ್ತೋ ಇಲ್ವೋ ನೋಡೋಳು ನಾನು. ಹಾಕೋನು ನೀನು."

ಹಾಕಿದ. ದೀಪ ಹಚ್ಚಿದಾಗ ಎದುರಿನ ಗೋಡೆಯೆಲ್ಲ ಬೆಳ್ಳಗಾಯಿತು. ಅದು ದೀಪ ಎಂದರೆ! ಅಂಗಡಿಯಲ್ಲಿದ್ದವರೆಲ್ಲ ಮುಖಕ್ಕೆ ಕೈ ಅಡ್ಡ ಹಿಡಿದರು. ಮನೆಗೆ ಬಂದಾಗ ಅಂಗಳದಲ್ಲಿದ್ದ ಸೊಸೆಯೂ ಹಾಗೇ ಮಾಡಿದಳು.

"ಅತ್ತೆ, ಇದು ಜಾಸ್ತಿ ಆಯ್ತು."

"ನಿನಗೆ ಅಭ್ಯಾಸ ಇಲ್ಲ ಅಷ್ಟೇ."

"ಒಂದು ಮಾತು ಹೇಳ್ಲಾ? ಕಣ್ಣಿನ ಡಾಕ್ಟರ ಹತ್ರ..."

"ನಿನ್ನ ಕಣ್ಣು ಚಿಕ್ಕ ವಯಸ್ಸಿಗೇ ಹೀಗಾಗಿದ್ರೆ ಹೋಗಿ ತೋರಿಸ್ಕೊ. ಬೇಡ ಅಂದೋರು ಯಾರು?" ಎಂದೆ.

ನವೆಂಬರ್ 22, ಶನಿವಾರ

ಇಂದು ಸ್ವಲ್ಪ ಹೆಚ್ಚು ಬರೆಯುತ್ತೇನೆ. ಮನಸ್ಸು ತುಂಬಿದೆ.

ನಮ್ಮ ಯಜಮಾನರ ಕಾಲದಲ್ಲಿ ಈ ರಸ್ತೆಯ ಡ್ರೈವರುಗಳಲ್ಲಿ ಒಂದು ಪದ್ಧತಿ ಇತ್ತು. ಬೆಳಗಿನ ಹೊತ್ತು ಎದುರು ಬದುರಾದರೆ ಹೆಡ್‌ಲೈಟನ್ನು ಒಂದು ಸಲ ಮಿಟುಕಿಸುವುದು. ನಮಸ್ಕಾರ ಎಂದ ಹಾಗೆ. ಹಾಲಿನ ಲಾರಿ, ತರಕಾರಿ ಟೆಂಪೊ, ಮೊದಲ ಬಸ್ಸು, ಎಲ್ಲರೂ ನಮ್ಮ ನೀಲಿ ವ್ಯಾನಿಗೆ ಮಿಟುಕಿಸುತ್ತಿದ್ದರು. ನಾನು ಪಕ್ಕದ ಸೀಟಿನಲ್ಲಿ ಕೂತು ನೋಡುತ್ತಿದ್ದೆ. "ನೋಡಿದ್ಯಾ, ನಿನಗೇ ನಮಸ್ಕಾರ ಮಾಡಿದ್ದು" ಎಂದು ಅವರು ತಮಾಷೆ ಮಾಡುತ್ತಿದ್ದರು. ನಾನು ಹಗಲಲ್ಲೇ ಓಡಿಸಲು ಶುರು ಮಾಡಿದ ಮೇಲೆ ಆ ಪದ್ಧತಿ ನನ್ನ ಪಾಲಿಗೆ ನಿಂತುಹೋಗಿತ್ತು.

ಈಗ ಮತ್ತೆ ಬಂದಿದೆ. ಹೊಸ ದೀಪ ಹಾಕಿಸಿದಾಗಿನಿಂದ ಎದುರಿಗೆ ಬರುವ ಒಬ್ಬರೂ ಮಿಟುಕಿಸದೆ ಹೋಗುವುದಿಲ್ಲ. ಒಂದು ಸಲವಲ್ಲ, ಮೂರು ಸಲ, ನಾಲ್ಕು ಸಲ! ಕೆಲವರು ಹಾರ್ನ್ ಕೂಡ ಬಾರಿಸುತ್ತಾರೆ. ಒಬ್ಬ ಟೆಂಪೊದವನು ತಲೆ ಹೊರಗೆ ಹಾಕಿ ಏನೋ ಕೂಗಿದ. ಇಂಜಿನ್ ಸದ್ದಿಗೆ ಕೇಳಿಸಲಿಲ್ಲ, ಒಳ್ಳೆಯ ಮಾತೇ ಇರಬೇಕು. ನಾನೂ ಎಲ್ಲರಿಗೂ ತಿರುಗಿ ಮಿಟುಕಿಸುತ್ತೇನೆ. ಇಷ್ಟು ವರ್ಷ ಒಂಟಿ ಹೆಂಗಸು ಈ ವ್ಯಾನನ್ನು ಎಳೆದುಕೊಂಡು ಬಂದದ್ದು ಯಾರಿಗೂ ಕಾಣಲಿಲ್ಲ ಎಂದುಕೊಂಡಿದ್ದೆ. ಕಂಡಿದೆ.

ಒಂದೇ ಕಿರಿಕಿರಿ. ಅವರ ದೀಪಗಳ ಸುತ್ತ ಮುಳ್ಳು ಮುಳ್ಳಾಗಿ ಬೆಳಕು ಹರಡಿಕೊಳ್ಳುತ್ತದೆ. ಗಾಜು ಒರೆಸಿಕೊಳ್ಳುವ ಅಭ್ಯಾಸ ಈಗಿನ ಡ್ರೈವರುಗಳಿಗೆ ಇಲ್ಲ.

ನವೆಂಬರ್ 25, ಮಂಗಳವಾರ

ಬೇಕರಿ ಸಾಹುಕಾರ ಬಾಗಿಲಲ್ಲೇ ನಿಂತಿದ್ದ. ಕಣ್ಣು ಉಜ್ಜಿಕೊಳ್ಳುತ್ತ, "ಅಮ್ಮಾವ್ರೆ, ಹಿಂದೆ ಒಬ್ಬ ಅಜ್ಜಿ ಇದ್ಲಂತೆ, ಅವಳ ಕೋಳಿ ಕೂಗಿದ್ರೇನೇ ಊರಿಗೆ ಬೆಳಗಾಗ್ತಿತ್ತಂತೆ. ಈಗ ನಮ್ಮ ಬೀದಿಗೆ ನಿಮ್ಮ ವ್ಯಾನು ಬಂದ್ರೇನೇ ಬೆಳಗು" ಎಂದ. ಒಲೆಯ ಹತ್ತಿರ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ದೀಪದ ವಿಷಯ ಪೇಟೆಯಲ್ಲೆಲ್ಲ ಮಾತಾಗಿದೆ.

ಮೊಟ್ಟೆಗಳಲ್ಲಿ ಮಂಜು ಕವಿದವು ಇನ್ನೂ ಹೆಚ್ಚಾಗಿವೆ. ನಾನು ಒಯ್ಯುವ ಟ್ರೇಗಳು ಕಡಿಮೆಯಾಗಿದ್ದರೂ ಸಾಹುಕಾರ ತುಟಿ ಪಿಟಕ್ ಎನ್ನುತ್ತಿಲ್ಲ. ಕಡಿಮೆ ಬಂದರೂ ಒಳ್ಳೆಯದೇ ಬರಲಿ ಎಂದು ತಿಳಿದವನು.

ನವೆಂಬರ್ 28, ಶುಕ್ರವಾರ

ಬೆಳಿಗ್ಗೆ ಸೇತುವೆಯ ತಿರುವಿನಲ್ಲಿ ಒಂದು ಸ್ಕೂಟರ್ ಎದುರಿಗೆ ಬಂತು. ನನ್ನ ದೀಪ ಕಂಡದ್ದೇ ತಡ, ರಸ್ತೆಯಿಂದಲೇ ಕೆಳಗಿಳಿದು ದಾರಿ ಬಿಟ್ಟುಕೊಟ್ಟರು. ಇಂಥ ಮರ್ಯಾದೆ ಈ ಕಾಲದಲ್ಲೂ ಇದೆ ಎಂದು ಸಂತೋಷವಾಯಿತು. ಹಾರ್ನ್ ಬಾರಿಸಿ ಮುಂದೆ ಹೋದೆ.

ಮನೆಗೆ ಬಂದರೆ ಸೊಸೆ ಮಂಡಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಾಳೆ. ಅಂಗೈಯೂ ತರಚಿದೆ. ಶೆಡ್ಡಿನಲ್ಲಿ ನೀರು ಚೆಲ್ಲಿ ಜಾರಿ ಬಿದ್ದಳಂತೆ. ನೋಡಿಕೊಂಡು ನಡೆಯಬೇಕು ಎಂದು ಬೈದೆ, ಅರಿಸಿನ ಹಚ್ಚಿದೆ. ಮಗ ನನ್ನ ಮುಖ ನೋಡಿ, ಅವಳ ಮುಖ ನೋಡಿ, ಎದ್ದು ಹೋದ.

ನವೆಂಬರ್ 29, ಶನಿವಾರ

ಬೇಕರಿಯಲ್ಲಿ ಟ್ರೇ ಇಳಿಸುತ್ತಿರುವಾಗ ಸಾಹುಕಾರ ಕೇಳಿದ. "ಅಮ್ಮಾವ್ರೆ, ಸೊಸೆ ಮಂಡಿ ಹೇಗಿದೆ? ಪಾಪ, ಅಷ್ಟು ಪೆಟ್ಟಾಗಿದ್ರೂ ಫೋನ್ ಮಾಡಿ, ಮಿಕ್ಕಿದ ಟ್ರೇ ಇವತ್ತು ತರಕ್ಕಾಗಲ್ಲ, ಅತ್ತೆ ತಂದಷ್ಟರಲ್ಲೇ ಸುಧಾರಿಸ್ಕೊಳ್ಳಿ ಅಂದ್ಲು."

"ಯಾವ ಮಿಕ್ಕಿದ ಟ್ರೇ?" ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ನಮ್ಮ ಮನೆಯ ವಿಷಯ ನಮ್ಮ ಮನೆಯವಳಿಗೇ ಗೊತ್ತಿಲ್ಲ ಎಂದು ಬೇಕರಿಯವರ ಮುಂದೆ ಯಾಕೆ ತೋರಿಸಿಕೊಳ್ಳಲಿ?

"ವಾಸಿಯಾಗ್ತಿದೆ" ಎಂದೆ.

"ದಿನಾ ನಿಮಗಿಂತ ಮುಂಚೆನೇ ಸ್ಕೂಟರಲ್ಲಿ ಬಂದು ಇಳಿಸಿ ಹೋಗ್ತಿದ್ಲು. ಅದೂ ಒಳ್ಳೊಳ್ಳೆ ಮೊಟ್ಟೆ. ಸೇತುವೆ ಹತ್ರ ಯಾವನೋ ಪುಣ್ಯಾತ್ಮ ಕಣ್ಣಿಗೆ ಲೈಟ್ ಬಿಟ್ನಂತೆ. ಅಂಥೋರ ಲೈಸೆನ್ಸ್ ಕಿತ್ಕೋಬೇಕು."

ಅವನಿಗೆ ಗೊತ್ತಿದ್ದು ಆಡಿದನೋ, ಗೊತ್ತಿಲ್ಲದೆ ಆಡಿದನೋ ತಿಳಿಯದು. ಅವನ ಮುಖ ನನಗೆ ಸರಿಯಾಗಿ ಕಾಣಿಸಲಿಲ್ಲ.

ಬೆಳಕು ಹರಿಯುವವರೆಗೆ ಬೇಕರಿಯ ಮುಂದೆ ವ್ಯಾನಿನಲ್ಲೇ ಕೂತಿದ್ದೆ. ಆಮೇಲೆ ದೀಪ ಹಾಕದೆ ಮನೆಗೆ ಬಂದೆ.

ನವೆಂಬರ್ 30, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಸಂಜೆ ಮಬ್ಬಾದ ಮೇಲೆ ವ್ಯಾನನ್ನು ಅಂಗಳದಲ್ಲಿ ನಿಲ್ಲಿಸಿ, ಮಗನನ್ನು ಒಳಗೆ ಕೂರಿಸಿ, ದೀಪ ಹಾಕು ಎಂದೆ. ನಾನು ಗೇಟಿನಿಂದ ವ್ಯಾನಿನ ಕಡೆಗೆ ನಡೆದೆ. ನನ್ನ ಅಂಗಳ, ನಾನೇ ಹಾಸಿದ ಕಲ್ಲುಗಳು. ದೀಪ ಹತ್ತಿದ ಕೂಡಲೇ ಅಂಗಳ ಇಲ್ಲವಾಯಿತು. ನೆಲ ಇಲ್ಲ, ಗೋಡೆ ಇಲ್ಲ, ಬರೀ ಬಿಳುಪು. ನೀರಿನ ತೊಟ್ಟಿಗೆ ಮೊಣಕಾಲು ಬಡಿದು ಅಲ್ಲೇ ನಿಂತೆ.

"ಆರಿಸು" ಎಂದೆ.

ಒಳಗೆ ಬಂದು ಸೊಸೆಯನ್ನು ಕರೆದೆ. "ನಾನು ತೆಗೆದಿಟ್ಟ ಮೊಟ್ಟೆ ಎಲ್ಲಿ?"

ಸುಳ್ಳು ಹೇಳಲಿಲ್ಲ. ಅಂದಿನ ಟ್ರೇಗಳನ್ನು ಕುಂಟುತ್ತಲೇ ತಂದು ಇಟ್ಟಳು.

"ಗುಂಡಿಗೆ ಹಾಕ್ತೀನಿ ಅಂದಿದ್ದೆ."

"ಒಂದು ಸಲ ಬೆಳಕಿಗೆ ಹಿಡಿದು ನೋಡಿದೆ ಅತ್ತೆ. ಚೆನ್ನಾಗಿದ್ವು. ಚೆನ್ನಾಗಿರೋದನ್ನ ಹೇಗೆ ಹಾಕ್ಲಿ? ಬೇಕರಿಯೋರಿಗೆ ಕಡಿಮೆಯಾದ್ರೆ ಏಜೆಂಟ್ ಹತ್ರ ಹೋಗ್ತಾರೆ, ಆಮೇಲೆ ವ್ಯಾನು ಹೋಗುತ್ತೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೇಳ್ತಿದ್ರಾ?"

ಈ ಮನೆಗೆ ಬಂದ ಮೇಲೆ ಅವಳು ನನಗೆ ಕೊಟ್ಟ ಮೊದಲ ಎದುರುತ್ತರ. ಮಗ ಬಾಗಿಲ ಹತ್ತಿರ ನಿಂತಿದ್ದ. ನಾನು ಬೈಯುತ್ತೇನೆ ಎಂದುಕೊಂಡಿರಬೇಕು.

ಕೋಣೆಯಲ್ಲಿ ಡಬ್ಬದ ಬಲ್ಬು ಹಚ್ಚಿದೆ. ಒಂದು ಮೊಟ್ಟೆ ತೂತಿಗೆ ಒಡ್ಡಿದೆ. ನನಗೆ ಮಂಜು. ಅವಳಿಗೆ ಕೊಟ್ಟೆ. "ತಿಳಿಯಾಗಿದೆ" ಎಂದಳು. ಇನ್ನೊಂದು. ನನಗೆ ಮಂಜು, ಅವಳಿಗೆ ತಿಳಿ. ಮಾತಿಗೆ ಮಾತು ಬೆಳೆಸುವುದು ನನ್ನ ರೀತಿಯಲ್ಲ. ಅಡಿಗೆಮನೆಯ ದೊಡ್ಡ ತಟ್ಟೆಗಳನ್ನೆಲ್ಲ ತರಿಸಿ, ಒಡೆಯಲು ಕೂತೆ. ಒಡೆದದ್ದೆಲ್ಲ ಬಂಗಾರದಂಥ ಮೊಟ್ಟೆ. ಹಳದಿ ದುಂಡಗೆ ಎದ್ದು ನಿಂತಿತ್ತು, ಬಿಳಿ ಅದರ ಸುತ್ತ ಒತ್ತಾಗಿ ಕೂತಿತ್ತು. ಬೆರಳಿನಿಂದ ಮುಟ್ಟಿ ನೋಡಿದೆ, ಮೂಗಿಗೆ ಹಿಡಿದು ನೋಡಿದೆ. ಬೆರಳು, ಮೂಗು ಎರಡಂತೂ ಇನ್ನೂ ನನ್ನವೇ.

"ಸಾಕು ಅಮ್ಮ" ಎಂದ ಮಗ.

ಒಂದು ಪೂರ್ತಿ ಟ್ರೇ ಒಡೆದ ಮೇಲೆ ನಿಲ್ಲಿಸಿದೆ. ಮೇವು ಬದಲಾಯಿಸಬೇಕಾಗಿಲ್ಲ ಎಂದು ಮಗನಿಗೆ ಹೇಳಿದೆ. ಸೊಸೆಯ ಮಂಡಿಯ ಬಟ್ಟೆ ಬಿಚ್ಚಿ ಹೊಸದಾಗಿ ಕಟ್ಟಿದೆ. ಗಾಯ ಇಷ್ಟು ದೊಡ್ಡದಿದೆ ಎಂದು ಹತ್ತಿರ ಬಾಗಿ ನೋಡಿದಾಗಲೇ ತಿಳಿದದ್ದು.

"ಸೇತುವೆ ಹತ್ರ ನನ್ನನ್ನ ನೋಡಿದ್ಯಾ?" ಎಂದೆ.

"ನಿಮ್ಮನ್ನ ನೋಡ್ಲಿಲ್ಲ ಅತ್ತೆ. ಏನೂ ಕಾಣ್ಲಿಲ್ಲ. ಹಾರ್ನ್ ಕೇಳಿ ಗೊತ್ತಾಯ್ತು."

ಇಂದು ಮೂರು ಹೊತ್ತೂ ಮನೆಯಲ್ಲಿ ಮೊಟ್ಟೆಯೇ. ಯಾರೂ ಬಾಯಿ ತೆರೆಯಲಿಲ್ಲ, ತಿನ್ನುವುದಕ್ಕೆ ಬಿಟ್ಟು.

ಡಿಸೆಂಬರ್ 1, ಸೋಮವಾರ

ಕತ್ತಲಿರುವಾಗ ವ್ಯಾನನ್ನು ಅಂಗಳದಿಂದ ತೆಗೆಯಲಿಲ್ಲ. ಬೇಕರಿಗೆ ಬೆಳಕು ಹರಿದ ಮೇಲೆ ಹೋದೆ. ಸಾಹುಕಾರ ಗೊಣಗಿದ. ಈ ವಾರ ಇಷ್ಟೇ, ಮುಂದಿನ ಸೋಮವಾರದಿಂದ ಹೇಳಿದ ಹೊತ್ತಿಗೆ ಬರುತ್ತದೆ ಎಂದೆ. ಯಾರು ತರುತ್ತಾರೆ ಎಂದು ಹೇಳಲಿಲ್ಲ.

ಡಿಸೆಂಬರ್ 2, ಮಂಗಳವಾರ

ಕಣ್ಣಿನ ಡಾಕ್ಟರಲ್ಲಿಗೆ ಹೋಗಿದ್ದೆ. ಸೊಸೆ ಜೊತೆಗೆ ಬರುತ್ತೇನೆ ಎಂದಳು, ಬೇಡ ಎನ್ನಲಿಲ್ಲ.

ಕತ್ತಲೆ ಕೋಣೆ. ಒಂದು ಸಣ್ಣ ಯಂತ್ರ, ಅದರ ತೂತಿನಿಂದ ಬೆಳಕು. ಗದ್ದ ಇಟ್ಟು ಕೂರಿ ಎಂದರು. ಆ ಬೆಳಕಿಗೆ ನನ್ನ ಕಣ್ಣು ಒಡ್ಡಿ ಡಾಕ್ಟರು ಆಚೆಯಿಂದ ನೋಡಿದರು. ಆಗ ತಿಳಿಯಿತು ನನಗೆ, ಇದು ಯಾವ ಕೆಲಸ ಎಂದು. ಇಷ್ಟು ವರ್ಷ ನಾನು ಮಾಡಿದ್ದು ಇದನ್ನೇ.

"ಯಾವಾಗಿಂದ ಮಂಜಾಗಿ ಕಾಣ್ತಿದೆ ಅಮ್ಮಾ?"

"ನನಗೆ ಮಂಜಾಗಿ ಕಾಣ್ತಿರ್ಲಿಲ್ಲ. ಮೊಟ್ಟೆ ಮಂಜಾಗಿದ್ವು."

ಸೊಸೆ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

"ಎರಡೂ ಕಣ್ಣಿಗೆ ಪೊರೆ ಬಂದಿದೆ" ಎಂದರು ಡಾಕ್ಟರು. "ಎಷ್ಟೇ ಬೆಳಕು ಹೆಚ್ಚು ಮಾಡಿದ್ರೂ ಪೊರೆಗೆ ತಾಗಿ ಚೆದುರಿಹೋಗುತ್ತೆ. ಈ ಕಣ್ಣಲ್ಲಿ ಗಾಡಿ ಓಡಿಸ್ಬಾರ್ದು. ಪೊರೆ ತೆಗೆದು ಹೊಸ ಮಸೂರ ಹಾಕೋಣ. ಒಂದಾದ ಮೇಲೆ ಒಂದು."

"ತೆಗೆದಿಡೋ ಮೊಟ್ಟೆ ಯಾವುದು ಅಂತ ಗೊತ್ತಾದ ಮೇಲೆ ಮತ್ತೆ ಟ್ರೇಗೆ ಇಡೋಳಲ್ಲ ನಾನು. ದಿನ ಹೇಳಿ" ಎಂದೆ.

ಡಿಸೆಂಬರ್ 4, ಗುರುವಾರ

ಕಿಡಿಯ ಅಂಗಡಿಗೆ ಹೋದೆ. ಈ ಸಲ ಸೊಸೆ ಓಡಿಸಿದಳು, ಹಗಲಲ್ಲಿ. ಗೇರು ಬದಲಾಯಿಸುವಾಗ ಕ್ಲಚ್ಚನ್ನು ಪೂರ್ತಿ ಒತ್ತುವುದಿಲ್ಲ. ಹೇಳಿದೆ. ತಿದ್ದಿಕೊಂಡಳು.

"ಬಿಳಿದು ಕಿತ್ತು ಹಾಕು. ನೂರರದ್ದೂ ಬೇಡ. ಮೊದಲು ಹಾಕಿದ್ದ ಜೋಡಿನೇ ಹಾಕು" ಎಂದು ಕಿಡಿಗೆ ಹೇಳಿದೆ. ಆ ಬಲ್ಬುಗಳನ್ನು ಡಬ್ಬದಲ್ಲಿ ಹತ್ತಿ ಸುತ್ತಿ ಇಟ್ಟಿದ್ದೆ. ನಮ್ಮ ಮನೆಯಲ್ಲಿ ಯಾವುದನ್ನೂ ಬಿಸಾಡುವುದಿಲ್ಲ.

"ಏನಮ್ಮಾ ಇದು, ಸುತ್ತಿ ಬಳಸಿ ಸುಂಕದ ಕಟ್ಟೆ ಹತ್ರನೇ ಬೆಳಗಾಯ್ತಾ?" ಎಂದು ನಕ್ಕ.

"ಬೆಳಗಾಯ್ತಲ್ಲ, ಅದು ಮುಖ್ಯ. ರಿಲೇ ಮಾತ್ರ ಇರ್ಲಿ."

"ಇರ್ಲಿ ಇರ್ಲಿ. ಈ ಬಲ್ಬಿಗೂ ಪೂರ್ತಿ ಕರೆಂಟು ಸಿಗುತ್ತೆ, ಒಳ್ಳೇದೇ."

ಬಲ್ಬುಗಳನ್ನು ಸೊಸೆಯ ಕೈಯಿಂದಲೇ ಹಾಕಿಸಿದೆ. ಬುಡ ಹಿಡಿ, ಗಾಜು ಮುಟ್ಟಬೇಡ ಎನ್ನುವಷ್ಟರಲ್ಲಿ ಅವಳು ಬುಡವನ್ನೇ ಹಿಡಿದಿದ್ದಳು. ಆಮೇಲೆ ಕಿಡಿ ವ್ಯಾನನ್ನು ಗೋಡೆಯ ಮುಂದೆ ನಿಲ್ಲಿಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ದೀಪ ಆ ಗೆರೆಗಿಂತ ಮೇಲೆ ಹೋಗದ ಹಾಗೆ ತಿರುಪು ತಿರುಗಿಸಿದ. ನೀರಿನ ಹಾಗೆ ಬೆಳಕು ರಸ್ತೆಯ ಮೇಲೆ ಬಿತ್ತು ಎಂದು ಸೊಸೆ ಹೇಳಿದಳು. ಅವಳ ಮಾತು ನಂಬಿದೆ.

ಡಿಸೆಂಬರ್ 8, ಸೋಮವಾರ

ಬೆಳಿಗ್ಗೆ ದಿಂಬಿನ ಕೆಳಗಿನಿಂದ ಕೀ ತೆಗೆದು ಸೊಸೆಯ ಕೈಗೆ ಇಟ್ಟೆ.

"ಕಣ್ಣು ವಾಸಿಯಾಗೋವರೆಗೆ ತಾನೇ ಅತ್ತೆ?" ಎಂದಳು.

"ನಾನು ಕೊಟ್ಟಿದ್ದನ್ನ ವಾಪಸ್ ಕೇಳಿದ್ದು ನೋಡಿದೀಯಾ?"

ಮಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಏಜೆಂಟಿನವನಿಗೆ ಫೋನ್ ಮಾಡಿ ನಮ್ಮ ಗೇಟಿಗೆ ಲಾರಿ ತರುವುದು ಬೇಡ ಎಂದು ಹೇಳು ಎಂದೆ. "ಹೇಳ್ತೀನಿ" ಎಂದ. ನನ್ನ ಎದುರಿಗೇ ಹೇಳಿಸಿದೆ.

ಡಿಸೆಂಬರ್ 17, ಬುಧವಾರ

ಒಂದು ಕಣ್ಣು ಆಯಿತು. ಇನ್ನೊಂದಕ್ಕೆ ಮುಂದಿನ ತಿಂಗಳು.

ಈ ಡೈರಿಯಲ್ಲಿ ಗೆರೆಗಳಿವೆ. ಒಳ್ಳೆಯ ಅಚ್ಚು. ಹಿಂದಿನ ಪುಟಗಳಲ್ಲಿ ನನ್ನ ಅಕ್ಷರಗಳು ಗೆರೆ ದಾಟಿ ಕೋಳಿಮರಿಗಳ ಹಾಗೆ ಎಲ್ಲೆಲ್ಲೋ ಓಡಿವೆ. ಬೇರೆಯವರು ಓದುವುದಿಲ್ಲ, ಇರಲಿ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಯಾರು ಕಟ್ಟಿದ ಗಾದೆಯೋ. ಕಾಲ ಇನ್ನೂ ನನ್ನದೇ. ಮೊಟ್ಟೆ ನೋಡುವ ಕೋಣೆಯಲ್ಲಿ ಈಗ ಎರಡು ಡಬ್ಬ ಇಡಿಸಿದ್ದೇನೆ. ನಾನು ನೋಡಿದ್ದನ್ನು ಅವಳು ನೋಡುತ್ತಾಳೆ, ಅವಳು ನೋಡಿದ್ದನ್ನು ನಾನು. ನಿನ್ನೆ ಅವಳು ಟ್ರೇಗೆ ಇಟ್ಟಿದ್ದ ಒಂದನ್ನು ನಾನು ತೆಗೆದಿಟ್ಟೆ. ಒಡೆದು ನೋಡಿದರೆ ನಿಜವಾಗಿ ಕೆಟ್ಟದ್ದೇ ಇತ್ತು. "ಅಬ್ಬಾ ಅತ್ತೆ!" ಎಂದಳು. ಸುಮ್ಮನಿದ್ದೆ. ಆದರೆ ರಾತ್ರಿ ಊಟದ ಹೊತ್ತಿಗೆ ಮಗನಿಗೂ ಗೊತ್ತಾಗುವ ಹಾಗೆ ಆ ವಿಷಯ ತೆಗೆದೆ.

ಇಂದು ಬೆಳಿಗ್ಗೆ ಮೊದಲ ಸಲ ಕತ್ತಲಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕೂತು ಬೇಕರಿಗೆ ಹೋದೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು, ಸ್ವಲ್ಪ ಕೆಳಗಿಳಿಸಿಕೊಂಡು ನೋಡಿದೆ. ದೀಪ ಹಳದಿಯಾಗಿ ರಸ್ತೆಗೆ ಅಂಟಿಕೊಂಡು ಮುಂದೆ ಮುಂದೆ ಹೋಗುತ್ತಿತ್ತು. ಹಂಪ್ ದೂರದಿಂದಲೇ ಕಂಡಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಗೇರು ಇಳಿಸಿದಳು, ಕ್ಲಚ್ಚು ಪೂರ್ತಿ ಒತ್ತಿ. ಹಿಂದೆ ಒಂದು ಮೊಟ್ಟೆಯೂ ಅಲ್ಲಾಡಲಿಲ್ಲ.

ಒಂದು ಟೆಂಪೊ ಎದುರಿಗೆ ಬಂತು, ತನ್ನ ಪಾಡಿಗೆ ಹೋಯಿತು. ಬಸ್ಸು ಬಂತು, ಹೋಯಿತು. ಯಾರೂ ದೀಪ ಮಿಟುಕಿಸಲಿಲ್ಲ, ಹಾರ್ನ್ ಬಾರಿಸಲಿಲ್ಲ, ತಲೆ ಹೊರಗೆ ಹಾಕಿ ಕೂಗಲಿಲ್ಲ. ಏನು ಕೂಗಿದ್ದರು ಎಂದು ಈಗ ಗೊತ್ತು. ಅದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಸೇತುವೆ ದಾಟಿದ ಮೇಲೆ ಹಾಲಿನ ಹಳೇ ಲಾರಿ ಬಂತು. ನಮ್ಮ ಯಜಮಾನರ ಕಾಲದಿಂದ ಇರುವ ಡ್ರೈವರು, ತಲೆ ಪೂರ್ತಿ ನರೆತಿದೆ. ನಮ್ಮ ನೀಲಿ ವ್ಯಾನು ನೋಡಿ ಒಂದು ಸಲ ಮಿಟುಕಿಸಿದ. ಒಂದೇ ಸಲ.

"ಏನತ್ತೆ, ನಮ್ಮ ದೀಪ ಜಾಸ್ತಿ ಆಯ್ತಾ?" ಎಂದು ಸೊಸೆ ಗಾಬರಿಯಾದಳು.

"ಇಲ್ಲ. ನಿನಗೆ ನಮಸ್ಕಾರ ಮಾಡಿದ. ನೀನೂ ಒಂದು ಸಲ ಮಿಟುಕಿಸು" ಎಂದೆ.

ಮಿಟುಕಿಸಿದಳು.

ಈಗ ಕೀಗಾಗಿ ಬಾಗಿಲ ಪಕ್ಕದಲ್ಲಿ ಒಂದು ಮೊಳೆ ಹೊಡೆದಿದ್ದೇನೆ, ಅವಳ ಕೈಗೆ ಎಟುಕುವ ಎತ್ತರಕ್ಕೆ. ಗೋಡೆ ಗಟ್ಟಿಯಾಗಿತ್ತು, ಮಗ ನಾನು ಹೊಡೀತೀನಿ ಎಂದ. ಬೇಡ ಎಂದು ನಾನೇ ಹೊಡೆದೆ. ಒಂದು ಪೆಟ್ಟೂ ತಪ್ಪಲಿಲ್ಲ. ಕೀ ಅಲ್ಲಿ ತೂಗುತ್ತಿದೆ.